ಕಾಲು ನೋಡಿ ಮಾತಾಡಿಸುತ್ತಿದ್ದವರು

ಮಾಸ್ತರರ ಬಗ್ಗೆ ಬರೆಯಬೇಕೆಂದು ಹಿಂದೆ ಎರಡು ಮೂರು ಸಲ ಕೂತಿದ್ದೆ. ಅವರ ಸೀಟಿ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ನಾಗಪುರದ ಬೆಳಗಿನ ಮೈದಾನ, ಇಷ್ಟು ಬರೆಯುವಷ್ಟರಲ್ಲಿ ಕೈ ನಿಂತುಬಿಡುತ್ತಿತ್ತು. ಮುಂದೆ ಹೋದರೆ ಬೂಟಿನ ಮಾತು ಬರುತ್ತದೆ. ಅದನ್ನು ಬಿಟ್ಟು ಬರೆದರೆ ಅವರೇ ಬರುವುದಿಲ್ಲ. ಹೋದ ತಿಂಗಳು ಸೊಲ್ಲಾಪುರದಲ್ಲಿ ಅವರ ಹೆಂಡತಿ ತೀರಿಕೊಂಡರು. ಅವರನ್ನು ನಾನು ಕಾಕು ಅನ್ನುತ್ತಿದ್ದೆ. ಆ ಸುದ್ದಿ ಬಂದ ಮೇಲೆ, ಆಗಿದ್ದೇನೆಂದು ಬಲ್ಲವಳು ಇನ್ನು ನಾನೊಬ್ಬಳೇ ಎಂದು ಹೊಳೆದು ಹೆದರಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ಧಾರವಾಡದ ಕಡೆಯಿಂದ ನಾಗಪುರದ ಕಾರ್ಖಾನೆಯೊಂದಕ್ಕೆ ವರ್ಗವಾಗಿತ್ತು. ಅಂಬಾಝರಿ ಕೆರೆಯ ಆಚೆಗಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನಾನು ಎಂಟನೇ ಇಯತ್ತೆ. ಒಂದು ಸಂಜೆ ಶಾಲೆಯ ಮೈದಾನದಲ್ಲಿ ಹುಡುಗರ ಜೊತೆ ಪಂದ್ಯ ಕಟ್ಟಿ ಬರಿಗಾಲಲ್ಲಿ ಓಡುತ್ತಿದ್ದವಳಿಗೆ ಕಲ್ಲು ಚುಚ್ಚಿತು. "ಯವ್ವಾ!" ಎಂದು ಚೀರಿ ಕೂತೆ. ದೂರದಲ್ಲಿ ನಿಂತಿದ್ದ ಪಿ.ಟಿ. ಮಾಸ್ತರರು ಬಾಯಿಂದ ಸೀಟಿ ತೆಗೆದು ದಡದಡ ಬಂದರು.

"ಕನ್ನಡದಾಕಿ ಏನ?"

ತಲೆಯಾಡಿಸಿದೆ. ಅವರು ನನ್ನ ಹೆಸರು ಕೇಳಲಿಲ್ಲ. ಮಣ್ಣಿನಲ್ಲಿ ಮೊಣಕಾಲೂರಿ ಕೂತು, ನನ್ನ ಪಾದವನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಕುದುರೆಗೆ ಲಾಳ ಹೊಡೆಯುವವನ ಹಾಗೆ ಹಿಂದೆ ಮುಂದೆ ತಿರುವಿ ನೋಡಿದರು.

"ಅಂಗಾಲು ಸಪಾಟ ಐತಿ. ಹಿಮ್ಮಡ ಒಳಗ ಬೀಳ್ತೈತಿ. ಇಂಥಾ ಕಾಲು ಇಟ್ಕೊಂಡು ಈ ಹುಡುಗೂರ್ನೆಲ್ಲಾ ಹಿಂದ ಹಾಕಿದಿ. ಚಲೋ ಬೂಟು ಸಿಕ್ರ ಏನ್ ಮಾಡ್ತೀಯವ್ವಾ ನೀ?"

ಊರು ಬಿಟ್ಟ ಮೇಲೆ ಮನೆಯ ಹೊರಗೆ ಯಾರೂ ನನ್ನನ್ನು ಕನ್ನಡದಲ್ಲಿ ಮಾತಾಡಿಸಿರಲಿಲ್ಲ. ಚುಚ್ಚಿದ ನೋವಿಗಿಂತ ಅದಕ್ಕೇ ಅಳು ಬಂತು.

ಮಾಸ್ತರರು ಬಾಗಲಕೋಟೆಯ ಕಡೆಯವರು. ಫೌಜಿನಲ್ಲಿದ್ದು, ಕೊನೆಗೆ ನಾಗಪುರದ ಹತ್ತಿರದ ಕಾಮ್ಠಿ ಛಾವಣಿಗೆ ಬಂದು, ಅಲ್ಲಿಂದ ಪೆನ್ಶನ್ ತೆಗೆದುಕೊಂಡು ಈ ಶಾಲೆ ಸೇರಿದ್ದರು. ಕುಳ್ಳಗಿನ ಗಟ್ಟಿ ಆಳು. ಜನರ ಮುಖ ಅವರಿಗೆ ನೆನಪಿರುತ್ತಿರಲಿಲ್ಲ. ನಮ್ಮ ಅಪ್ಪನನ್ನು ಬಜಾರಿನಲ್ಲಿ ನಾಲ್ಕು ಸಲ ಕಂಡರೂ ಗುರುತು ಹಿಡಿದಿರಲಿಲ್ಲ. ಐದನೆಯ ಸಲ ಅಪ್ಪನ ಚಪ್ಪಲಿ ಸವೆದ ರೀತಿ ನೋಡಿ, "ಓಹೋ, ಬಲಗಾಲು ಎಳದು ನಡಿಯೋ ಫಿಟ್ಟರ್ ಸಾಹೇಬ್ರು!" ಅಂದರಂತೆ. ಅಪ್ಪ ಮನೆಗೆ ಬಂದು, ತಾನು ಬಲಗಾಲು ಎಳೆದು ನಡೆಯುವುದು ನಿಜವೇ ಎಂದು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದು ಅವ್ವನಿಗೆ ತೋರಿಸಿದ್ದ.

ಕಾಲಿನ ಹುಚ್ಚು ಅವರಿಗೆ ಹತ್ತಿದ್ದು ಫೌಜಿನಲ್ಲೇ. ಉದ್ದುದ್ದ ಮಾರ್ಚುಗಳಲ್ಲಿ ಬೂಟು ಕಡಿದು, ಬೊಬ್ಬೆ ಒಡೆದು, ಗಟ್ಟಿಮುಟ್ಟಾದ ಹುಡುಗರು ರಸ್ತೆಯ ಬದಿಗೆ ಕೂತು ಅಳುವುದನ್ನು ಅವರು ನೋಡಿದ್ದರು. "ಊಟಾ ಸರಿ ಇಲ್ಲಂದ್ರ ಮನಷ್ಯಾ ಬೈತಾನ. ಬೂಟು ಸರಿ ಇಲ್ಲಂದ್ರ ಸುಮ್ಮನಾಗಿಬಿಡ್ತಾನ. ಅದು ಭಾಳ ಕೆಟ್ಟದ್ದು" ಎನ್ನುತ್ತಿದ್ದರು.

ನನಗೆ ಮೊದಲ ಬೂಟು ಕೊಡಿಸಿದ ದಿನ ಚೆನ್ನಾಗಿ ನೆನಪಿದೆ. ಭಾನುವಾರ ಬೆಳಿಗ್ಗೆಯೇ ರಿಬ್ಬನ್ ಕಟ್ಟಿಕೊಂಡು ತಯಾರಾಗಿ ನಿಂತಿದ್ದೆ. ಅವರು ಸಂಜೆ ಐದರವರೆಗೆ ಕಾಯಿಸಿದರು. ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಬಾತಿರುತ್ತದೆ, ಬೆಳಿಗ್ಗೆ ಸರಿಹೋದ ಬೂಟು ಸಂಜೆ ಕಚ್ಚುತ್ತದೆ, ಆದ್ದರಿಂದ ಬೂಟು ಕೊಳ್ಳುವುದು ಸಂಜೆಗೇ. ನಾವೆಲ್ಲ ಬರ್ಡಿ ಅನ್ನುತ್ತಿದ್ದ ಸೀತಾಬರ್ಡಿ ಪೇಟೆಯ ಅಂಗಡಿಯಲ್ಲಿ ನನ್ನನ್ನು ಕೂರಲು ಬಿಡಲಿಲ್ಲ. ನಿಂತಾಗ ಪಾದ ಹರಡುತ್ತದೆ, ಅಳತೆ ನಿಂತೇ ನೋಡಬೇಕು. ಹೆಬ್ಬೆರಳಿನ ಮುಂದೆ ತಮ್ಮ ಹೆಬ್ಬೆಟ್ಟು ಒತ್ತಿ, ಒಂದು ಬೆಟ್ಟಿನಷ್ಟು ಜಾಗ ಇದೆಯೋ ಇಲ್ಲವೋ ನೋಡುತ್ತಿದ್ದರು. ಬೂಟನ್ನು ಕೈಯಲ್ಲಿ ಹಿಡಿದು ಬಗ್ಗಿಸುತ್ತಿದ್ದರು. ಬೆರಳಿನ ಬುಡದಲ್ಲಿ ಬಗ್ಗಿದರೆ ಸರಿ, ನಟ್ಟನಡುವೆ ಮಡಚಿಕೊಂಡರೆ ಅದು ಕಸ. ಆಮೇಲೆ ನನ್ನನ್ನು ಅಂಗಡಿಯ ಹೊರಗೆ ಫುಟ್‌ಪಾತಿನ ಮೇಲೆ ನಡೆಸಿದರು, ಓಡಿಸಿದರು, ಕುಣಿಸಿದರು. ಹದಿನೈದು ಡಬ್ಬಿ ತೆಗೆದಿದ್ದ ಅಂಗಡಿಯವನು ಬೇಸತ್ತು ಮರಾಠಿಯಲ್ಲಿ ಕೇಳಿದ:

"ಮಾಸ್ತರ್, ಪೋರ್ಗಿ ಪಳಣಾರ್ ಕೀ ಲಗ್ನಾಲಾ ಜಾಣಾರ್?"

ಹುಡುಗಿ ಓಡುವವಳೋ, ಮದುವೆಗೆ ಹೊರಟವಳೋ ಎಂದು. ಮಾಸ್ತರರು ನಗಲಿಲ್ಲ. "ಲಗ್ನಕ್ಕಾದ್ರ ಒಂದ ದಿನಾ ಹಾಕೋತಾಳ. ಇದು ದಿನಾ ಹಾಕೊಳ್ಳೋದು" ಎಂದು ಕನ್ನಡದಲ್ಲೇ ಹೇಳಿ, ಹದಿನಾರನೆಯ ಡಬ್ಬಿ ಕೇಳಿದರು.

ಅವರ ಬಳಿ ಓಟ ಕಲಿತವರಿಗೆಲ್ಲ ನೆನಪಿರುವುದು ಓಟಕ್ಕಿಂತ ಹೆಚ್ಚಾಗಿ ಓಟ ಮುಗಿದ ಮೇಲಿನದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕಿತ್ತು. ಎಂಟು ಗಂಟೆಗೆಲ್ಲ ಮೈದಾನ ಕಾದ ಹೆಂಚಾಗುತ್ತಿತ್ತು. ಕೊನೆಯ ಸುತ್ತು ಮುಗಿದೊಡನೆ, "ನೊಗಾ ಇಳಸ್ರಿ!" ಎಂದು ಕೂಗುತ್ತಿದ್ದರು. ಅಂದರೆ ಬೂಟು ಬಿಚ್ಚಿ. "ಹೊಲದಿಂದ ಬಂದ ಎತ್ತಿಗೆ ಮೊದಲ ನೊಗಾ ಇಳಸ್ತಾರ, ಮೈ ತಿಕ್ತಾರ, ಆಮ್ಯಾಲೆ ಮೇವು. ನಿಮ್ಮ ಕಾಲು ಎತ್ತಿಗಿಂತ ಕಡಿಮೀನ?" ಉಪ್ಪು ಹಾಕಿದ ತಣ್ಣೀರಿನ ಬಕೀಟಿನಲ್ಲಿ ಸರದಿಯಂತೆ ಕಾಲಿಳಿಸಬೇಕು. ಒರೆಸಿಕೊಂಡ ಮೇಲೆ ಅವರೇ ಮಾಡಿಸಿದ ಚಪ್ಪಲಿ. ಓಡಿ ದಣಿದ ಕಾಲಿಗೆ ಹಾಕಿಕೊಂಡು ನಡೆಯಲು ಒಂದು ಮೆತ್ತನೆಯ ಚಪ್ಪಲಿ ಬೇಕೆಂದು ಅವರು ಇಡೀ ಬರ್ಡಿ, ಇತವಾರಿ ಪೇಟೆ ಹುಡುಕಿ, ಎಲ್ಲಿಯೂ ಸಿಗದೆ, ಕೊನೆಗೆ ಒಬ್ಬ ಮೋಚಿಯನ್ನು ಹಿಡಿದಿದ್ದರು. ವರ್ತಮಾನ ಪತ್ರಿಕೆಯ ಮೇಲೆ ನಮ್ಮನ್ನು ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯುತ್ತಿದ್ದರು. ಅದರಂತೆ ಮೋಚಿ ಸ್ಪಂಜನ್ನು ಎರಡು ಪದರ ಕತ್ತರಿಸಿ, ನಡುವೆ ಅಂಗಾಲಿನ ಕಮಾನಿಗೆ ಒಂದು ತುಂಡು ಹೆಚ್ಚಿಗೆ ಅಂಟಿಸಿ, ಕೆಳಗೆ ಸ್ಕೂಟರಿನ ಟಾಯರು ಹೊಲಿಯುತ್ತಿದ್ದ. ನೋಡಲು ಅಸಹ್ಯ. ಹಾಕಿಕೊಂಡರೆ ಅವ್ವನ ತೊಡೆಯ ಮೇಲೆ ಕಾಲಿಟ್ಟಂತೆ.

ಹೆಣ್ಣುಮಗಳು ಚಡ್ಡಿ ಹಾಕಿಕೊಂಡು ಓಡುವುದು ಅಪ್ಪನಿಗೆ ಸೇರಲಿಲ್ಲ. ಹತ್ತನೆಯ ಇಯತ್ತೆಗೆ ಬಂದಾಗ ಸಾಕು ನಿಲ್ಲಿಸು ಎಂದುಬಿಟ್ಟ. ಮಾಸ್ತರರು ಮನೆಗೆ ಬಂದರು. ವಾದ ಮಾಡುತ್ತಾರೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಚಹಾ ಕುಡಿಯುತ್ತ ಕೂತವರು, ಕಪ್ಪು ಒಯ್ಯಲು ಬಂದ ಅವ್ವನ ಕಾಲು ನೋಡಿ ಮಾತು ನಿಲ್ಲಿಸಿದರು. ಹಿಮ್ಮಡಿ ಬಿರಿದು ರಕ್ತ ಜಿನುಗಿದ ಗುರುತಿತ್ತು. ಓಟದ ಮಾತೇ ಎತ್ತದೆ ಎದ್ದು ಹೋದರು. ಮುಂದಿನ ವಾರ ಒಂದು ಜೊತೆ ಸ್ಪಂಜಿನ ಚಪ್ಪಲಿ ತಂದು ಅಪ್ಪನ ಕೈಗೆ ಕೊಟ್ಟರು.

"ವೈನಿಯವ್ರಿಗೆ. ದಿನಾ ಎಷ್ಟು ತಾಸು ಶಾಬಾದಿ ಕಲ್ಲಿನ ಮ್ಯಾಲೆ ನಿಂದರ್ತಾರ ಲೆಕ್ಕಾ ಹಾಕ್ರಿ. ನಮ್ಮ ಓಟ ಅದರ ಮುಂದ ಏನೂ ಅಲ್ಲ."

ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟುವುದುಂಟೆ ಎಂದು ಅವ್ವ ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಐದನೆಯ ದಿನ, ಅಪ್ಪ ಡ್ಯೂಟಿಗೆ ಹೋದ ಮೇಲೆ ಹಾಕಿಕೊಂಡು ರೊಟ್ಟಿ ಬಡಿದಳು. ಆ ಸಂಜೆ ಅಪ್ಪನಿಗೆ ಅವಳು ಹೇಳಿದ್ದು ಒಂದೇ ಮಾತು: "ಲಗ್ನಾಗಿ ಹದಿನೆಂಟು ವರ್ಷಕ್ಕ ನನ್ನ ಕಾಲು ನೋಡಿದವರು ಅವರೊಬ್ರ. ಹುಡುಗಿ ಅವರ ಹಂತೇಕ ಹೋಗ್ಲಿ." ನಾನು ಮತ್ತೆ ಓಡಿದೆ.

ಅದರ ಫಲವಾಗಿಯೇ ರೈಲ್ವೆಯಲ್ಲಿ ಕ್ರೀಡಾ ಕೋಟಾದ ಕಾರಕೂನಿ ಸಿಕ್ಕಿತು, ನಾಗಪುರದಲ್ಲೇ. ಅಷ್ಟರಲ್ಲಿ ಮಾಸ್ತರರು ಶಾಲೆಯಿಂದ ನಿವೃತ್ತರಾಗಿದ್ದರು. ಮಗಳ ಲಗ್ನ ಸೊಲ್ಲಾಪುರಕ್ಕೆ ಮಾಡಿಕೊಟ್ಟಿದ್ದರು. ಗಂಡ ಹೆಂಡತಿ ಕಾಲೋನಿಯ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಆ ವರ್ಷವೇ ಅವರಿಗೆ ಸಕ್ಕರೆ ಬ್ಯಾನಿ ಇದೆಯೆಂದು ಗೊತ್ತಾದದ್ದು. ದಿನಾ ತಪ್ಪದೆ ನಡೆಯಿರಿ ಎಂದರಂತೆ ಡಾಕ್ಟರು. ಮಾಸ್ತರರಿಗೆ ಅದು ಔಷಧವಲ್ಲ, ಹಬ್ಬ. ಬೆಳಿಗ್ಗೆ ಅಂಬಾಝರಿ ಕೆರೆಯ ದಂಡೆ, ಸಂಜೆ ಮತ್ತೊಂದು ಸುತ್ತು.

"ಕಾಲು ಒಂಚೂರು ಜೋಮು ಹಿಡದಂಗ ಇರ್ತಾವ ನೋಡು" ಎಂದು ಒಮ್ಮೆ ಅಂದಿದ್ದರು. "ಒಳ್ಳೇದ ಆತು. ನೋವಾಗಂಗಿಲ್ಲ." ನಾವಿಬ್ಬರೂ ನಕ್ಕೆವು.

ಆಗೆಲ್ಲ ಅವರು ಹಾಕಿಕೊಳ್ಳುತ್ತಿದ್ದದ್ದು ಹಳೆಯ ಬಿಳಿ ಕ್ಯಾನ್ವಾಸ್ ಬೂಟು. ಎರಡಕ್ಕೂ ಕಿರುಬೆರಳಿನ ಹತ್ತಿರ ತೂತು. ಊರ ಮಂದಿಯ ಕಾಲಿಗೆ ಚಿಂತಿಸುವವರು ತಮ್ಮ ಕಾಲಿಗೆ ಹರಿದದ್ದು ಮೆಟ್ಟುತ್ತಾರಲ್ಲ ಎಂದು ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದೆ. ರೈಲ್ವೆಯ ಪಂದ್ಯಕ್ಕೆಂದು ಮುಂಬಯಿಗೆ ಹೋದಾಗ, ಹೊರಡುವ ದಿನ ಬೆಳಿಗ್ಗೆ ಅಂಗಡಿ ತೆಗೆಯುವುದನ್ನೇ ಕಾಯುತ್ತ ನಿಂತು ಒಂದು ಜೊತೆ ಬೂಟು ಕೊಂಡೆ. ಅಂಥದ್ದು ನಾಗಪುರದಲ್ಲಿ ಆಗ ಕಣ್ಣಿಗೆ ಬಿದ್ದಿರಲಿಲ್ಲ. ಬೂದು ಬಣ್ಣ, ಪಕ್ಕಕ್ಕೆ ನೀಲಿ ಪಟ್ಟಿ, ಎರಡು ಬೆರಳು ದಪ್ಪದ ಮೆತ್ತನೆಯ ಅಟ್ಟೆ. ನಡೆಯುವುದಕ್ಕೆಂದೇ ಮಾಡಿದ್ದು ಎಂದ ಅಂಗಡಿಯವನು. ನಂಬರು ಏಳು. ಅವರ ಕ್ಯಾನ್ವಾಸಿನ ತಳದಲ್ಲಿ ಏಳು ಎಂದಿದ್ದುದನ್ನು ನಾನು ಮೊದಲೇ ಕದ್ದು ನೋಡಿಟ್ಟುಕೊಂಡಿದ್ದೆ.

ಹತ್ತಾರು ಸಲ ಅವರು ನನ್ನ ಕಾಲಿಗೆ ಮಾಡಿದ್ದನ್ನು ನಾನು ಅವರ ಕಾಲಿಗೆ ಒಂದು ಸಲವೂ ಮಾಡಲಿಲ್ಲ.

ಮಾಸ್ತರರು ಡಬ್ಬಿ ಬಿಚ್ಚಿದರು. ಬೂಟನ್ನು ಬಗ್ಗಿಸಿ ನೋಡಿದರು. ಬೆರಳಿನ ಬುಡದಲ್ಲೇ ಬಗ್ಗಿತು. "ಶಾಭಾಸ್" ಅಂದರು. ಹಾಕಿಕೊಂಡು ಎದ್ದು ನಿಂತರು. ನಿಂತು ಬಾಗಿ, ಬೆರಳಿನ ಮುಂದೆ ಹೆಬ್ಬೆಟ್ಟು ಒತ್ತಿದರು. ಅಲ್ಲೇ ಒಂದು ಕ್ಷಣ ಹಾಗೇ ಇದ್ದರು. ನಾನು ಕೈಕಟ್ಟಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳ ಹಾಗೆ ಅವರ ಮುಖ ನೋಡುತ್ತಿದ್ದೆ.

"ಹೆಂಗದಾವ ಸರ್?"

"ಬರೋಬರ್ ಅದಾವ" ಅಂದರು. "ಹೂವಿನ ಮ್ಯಾಲೆ ನಿಂತಂಗ ಆಗ್ತೈತಿ."

ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಏನೋ ಹೇಳಲು ಬಾಯಿ ತೆರೆದದ್ದು, ಮಾಸ್ತರರು "ಚಾ ಇಡು, ಹುಡುಗಿ ದಣದು ಬಂದಾಳ" ಅಂದದ್ದು, ಈಗ ನೆನಪಾಗುತ್ತದೆ.

ಆ ವಾರವೇ ನನಗೆ ತರಬೇತಿ ಶಿಬಿರ ಬಂತು. ಒಂದೂವರೆ ತಿಂಗಳು ಹೊರಗಿದ್ದೆ. ಮರಳಿ ಬಂದಾಗ ಏಪ್ರಿಲ್ ಕೊನೆ. ಮನೆಮನೆಯ ಕಿಟಕಿಯಲ್ಲಿ ಕೂಲರುಗಳು ಗುಂಯ್ಗುಡುತ್ತಿದ್ದವು. ಮಾಸ್ತರರು ಸರಕಾರಿ ದವಾಖಾನೆಯಲ್ಲಿದ್ದಾರೆ ಎಂದಳು ಅವ್ವ.

ಓಡಿ ಹೋದೆ. ಬಲಗಾಲಿನ ಕಿರುಬೆರಳು, ಅದರ ಪಕ್ಕದ್ದು, ಎರಡನ್ನೂ ತೆಗೆದಿದ್ದರು. ಪಾದದ ಮೇಲೆಲ್ಲ ಕಪ್ಪು ಏರಿತ್ತು.

"ದಂಡಿ ಮ್ಯಾಲೆ ಜಾಲಿ ಮುಳ್ಳು ಹತ್ತಿತು" ಅಂದರು ಮಾಸ್ತರರು, ನಾನು ಕೇಳುವ ಮೊದಲೇ. "ಚಪ್ಪಲಿ ಹಾಕೊಂಡು ಹೋಗಿದ್ದೆ ಅವತ್ತು. ನನ್ನ ಬುದ್ಧಿಗೆ ಏನ್ ಹೇಳಲಿ. ನೀ ತಂದ ಬೂಟು ಹಾಕೊಂಡಿದ್ರ ಹಿಂಗ ಆಗ್ತಿದ್ದಿಲ್ಲ."

ಕಾಕು ಗೋಡೆಯ ಕಡೆ ಮುಖ ಮಾಡಿ ನೀರಿನ ಲೋಟ ತೊಳೆಯುತ್ತಿದ್ದರು.

ಸಕ್ಕರೆಯಿಂದ ಕಾಲಿನ ಸ್ಪರ್ಶ ಹೋಗಿತ್ತು, ಗಾಯವಾದದ್ದು ಅವರಿಗೆ ಗೊತ್ತೇ ಆಗಿಲ್ಲ, ಗೊತ್ತಾಗುವಷ್ಟರಲ್ಲಿ ಕೊಳೆತಿತ್ತು ಎಂದು ಡಾಕ್ಟರು ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಒಂದು ವಾರಕ್ಕೆ ಪಾದ ತೆಗೆದರು. ಇನ್ನೊಂದು ವಾರಕ್ಕೆ ಮೊಣಕಾಲಿನ ಕೆಳಗೆ. ಆ ಸಂಜೆ ಎಚ್ಚರವಾದಾಗ ಅವರು ಹೊದಿಕೆ ಇಳಿದು ಖಾಲಿಯಾದ ಜಾಗವನ್ನೇ ನೋಡುತ್ತ, "ಬರ್ಡಿ ಅಂಗಡಿಯವನಿಗೆ ಕೇಳು ತಂಗಿ, ಒಂದ ಬೂಟು ಕೊಡ್ತಾನೇನು. ಈಗ ಡಬ್ಬಿ ಭಾಳ ತಗಿಸಂಗಿಲ್ಲ ಅಂತ ಹೇಳು" ಅಂದರು. ನಗಿಸಲಿಕ್ಕೆ ಅಂದದ್ದು. ನನಗೆ ನಗಲು ಆಗಲಿಲ್ಲ. ಅದಕ್ಕೆ ಅವರಿಗೆ ಬೇಜಾರಾದಂತೆ ಕಂಡಿತು, ಕಣ್ಣುಮುಚ್ಚಿಕೊಂಡರು.

ನಾನು ಹಾಸಿಗೆಯ ಕೆಳಬದಿಗೆ ಹೋಗಿ ಕೂತೆ. ಉಳಿದಿದ್ದ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಬೆರಳ ಸಂದಿ ಒರೆಸಿದೆ. ಅಷ್ಟು ವರ್ಷದಲ್ಲಿ ಆ ಕಾಲನ್ನು ನಾನು ಮುಟ್ಟಿದ್ದು ಅದೇ ಮೊದಲು. ಅಗಲವಾದ, ಮುಂದೆ ಬೀಸಣಿಗೆಯ ಹಾಗೆ ಹರಡಿದ ಪಾದ. "ಗೊತ್ತಾಗ್ತದೇನ್ರಿ ಸರ್?" ಎಂದು ಕೇಳಿದೆ. ಕಣ್ಣು ತೆರೆಯದೆ, "ಹೂಂ, ತಣ್ಣಗ ಐತಿ" ಅಂದರು. ಸುಳ್ಳು ಎಂದು ನನಗೆ ಗೊತ್ತಿತ್ತು. ಒದ್ದೆ ಬಟ್ಟೆ ಆ ಸೆಖೆಗೆ ಬೆಚ್ಚಗಾಗಿತ್ತು.

ನಂಜು ರಕ್ತಕ್ಕೆ ಏರಿ, ಮೇ ತಿಂಗಳ ಒಂದು ಮಧ್ಯಾಹ್ನ ತೀರಿಕೊಂಡರು. ಅವರು ಓಟ ಕಲಿಸಿದ ಇಪ್ಪತ್ತು ಮೂವತ್ತು ಮಂದಿ ಬಂದಿದ್ದೆವು. ಬಿಸಿಲಿಗೆ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು.

ತಿಂಗಳ ಮೇಲೆ ಮಗಳು ಬಂದು ಕಾಕುವನ್ನು ಸೊಲ್ಲಾಪುರಕ್ಕೆ ಕರೆದೊಯ್ಯುವುದೆಂದಾಯಿತು. ಹಿಂದಿನ ದಿನ ಸಾಮಾನು ಕಟ್ಟಲು ನಾನು ಹೋದೆ. ಮಗಳು ಪೇಟೆಗೆ ಹೋಗಿದ್ದಳು. ಪಾತ್ರೆಗಳನ್ನು ಚೀಲಕ್ಕೆ ತುಂಬಿ, ಮಂಚದ ಕೆಳಗಿನ ಕಸ ಎಳೆಯುವಾಗ ಬೂಟಿನ ಡಬ್ಬಿ ಸಿಕ್ಕಿತು. ಡಬ್ಬಿಯಲ್ಲೇ ಎತ್ತಿಟ್ಟು ಒಮ್ಮೆಯೂ ಹಾಕದೆ ಹೋದರಲ್ಲ ಎಂದುಕೊಂಡು ತೆರೆದೆ.

ಎರಡು ಬೂಟಿನ ಅಟ್ಟೆಯೂ ಸವೆದಿತ್ತು. ದಿನಾ ಬೆಳಿಗ್ಗೆ ಸಂಜೆ ನಡೆದ ಬೂಟು. ಬಲಗಾಲಿನ ಬೂಟಿನೊಳಗೆ ಕೈಹಾಕಿದೆ. ಕಿರುಬೆರಳು ಒತ್ತುವ ಮಗ್ಗುಲಲ್ಲಿ ಬಟ್ಟೆ ಗಟ್ಟಿಯಾಗಿ, ಒಣಗಿದ ಹಪ್ಪಳದ ಹಾಗೆ ಎದ್ದಿತ್ತು. ಬೆಳಕಿಗೆ ಹಿಡಿದೆ. ಕಂದು ಕಲೆ. ಪಕ್ಕದಲ್ಲೇ ಅವರ ಹಳೆಯ ಕ್ಯಾನ್ವಾಸ್ ಬೂಟು ಬಿದ್ದಿತ್ತು. ಅದರ ತೂತುಗಳ ಅಂಚು ನೋಡಿದೆ. ಹರಿದದ್ದಲ್ಲ. ಹರಡಿದ ಪಾದಕ್ಕೆ ಜಾಗ ಮಾಡಿಕೊಡಲು ಬ್ಲೇಡಿನಿಂದ ದುಂಡಗೆ ಕೊಯ್ದದ್ದು.

ಅಲ್ಲೇ ನೆಲಕ್ಕೆ ಕೂತೆ.

"ಕಾಕೂ, ಮುಳ್ಳು ಹತ್ತಿದ್ದಿಲ್ಲ, ಹೌದಲ್ಲ?"

ಕಾಕು ಸೀರೆ ಮಡಚುತ್ತಿದ್ದರು. ಮಡಚುವುದನ್ನು ನಿಲ್ಲಿಸಲಿಲ್ಲ.

"ಮುಳ್ಳು ಅಂತ ಹೇಳಂತ ನನಗ ಆಣಿ ಹಾಕಿದ್ರು. ಮಗಳಿಗೂ ಹಂಗ ಹೇಳೀನಿ."

"ನೀವಾದ್ರೂ ಬಿಗಿ ಅದಾವ ಅಂತ ನನಗ ಹೇಳಬಾರದಾಗಿತ್ತ? ಬದಲಾಯಿಸಿ ತರತಿದ್ನೆಲ್ಲ..."

"ಅವತ್ತ ಅಂದೆ ಅವರಿಗೆ. ಮುಂಬಯಿ ತನಕಾ ಮತ್ತ ಹೋಗ್ತಾಳೇನು, ನೊಂದ್ಕೋತಾಳ, ಹಾಕೋತ ಹಾಕೋತ ಸಡಲ ಆಗ್ತಾವ ಅಂದ್ರು. ನೋವು ಆಗ್ತಿದ್ದಿಲ್ಲಲ್ಲ ಅವರಿಗೆ." ಕಾಕು ಮಡಚಿದ ಸೀರೆಯನ್ನು ಮತ್ತೆ ಬಿಚ್ಚಿದರು. "ಒಂದಿನಾ ಕಾಲಚೀಲದಾಗ ರಕ್ತ ಕಂಡೆ. ಬಿಚ್ಚ್ರಿ ಇವನ್ನ, ಒಗೀರಿ ಅನ್ನಬೇಕಾಗಿತ್ತು ನಾ. ಅರಿಷಿಣಾ ಹಚ್ಚಿ ಕಳಿಸಿದೆ. ಯಾಕಂದ್ರ ಆ ಬೂಟು ಹಾಕೊಂಡು ಓಣಿಯಾಗ ಎಲ್ಲಾರ್ನೂ ನಿಂದರಿಸಿ ತೋರಸ್ತಿದ್ರು, ನನ್ನ ಹುಡುಗಿ ತಂದಾಳ ನೋಡ್ರಿ ಅಂತ. ರಿಟಾಯರ್ ಆದಮ್ಯಾಲೆ ಅಷ್ಟು ನಕ್ಕಿದ್ದ ನಾ ನೋಡಿದ್ದಿಲ್ಲ. ಹೆಂಗ ಬಿಚ್ಚ್ರಿ ಅನ್ನಲಿ?"

ನಾನು ನೆಲದ ಮೇಲೆ ಸರಿದು ಹೋಗಿ ಅವರ ಮಡಿಲಿನಲ್ಲಿ ಮುಖವಿಟ್ಟೆ. ಹೊರಗೆ ಯಾರೋ ಸೈಕಲಿನ ಮೇಲೆ ಮಾವಿನಹಣ್ಣು ಕೂಗುತ್ತ ಹೋದರು. ಆ ಕೂಗು ಓಣಿಯ ಆಚೆ ತುದಿಗೆ ಹೋಗಿ ಕೇಳಿಸದಂತಾಯಿತು. ಅಲ್ಲಿಯವರೆಗೂ ಕಾಕು ನನ್ನ ತಲೆಯ ಮೇಲೆ ಕೈ ಇಡಲಿಲ್ಲ.

ಆಮೇಲೆ ಇಟ್ಟರು.